ಕಲಬುರಗಿ ಬಿಸಿಲಿಗೆ ಸೆಣಬಿನ ಪ್ಯಾನೆಲ್ ತಡೆಯುತ್ತದಾ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಹಳೆ ಮನೆ. ಗರ್ಡರ್ ಮೇಲೆ ಶಹಾಬಾದ್ ಕಲ್ಲು ಹಾಸಿದ ಮಾಳಿಗೆ. ಅದರ ಮೇಲೆ ಟ್ಯೂಷನ್‌ಗೆ 10 ಅಡಿಗೆ 14 ಅಡಿಯ ಒಂದು ಕೋಣೆ ಬೇಕಾಗಿದೆ. ಇಟ್ಟಿಗೆ ಗೋಡೆಯ ಭಾರ ಬೇಡ ಅಂತ ಇಂಜಿನಿಯರ್ ಹೇಳಿದ್ದಾರೆ. ಡೀಲರ್ ಒಬ್ಬರು ಸೆಣಬಿನ ಬಟ್ಟೆ ಮತ್ತು ಬಯೋ ರೆಸಿನ್‌ನಿಂದ ಮಾಡಿದ 50 ಮಿ.ಮೀ. ಸ್ಯಾಂಡ್‌ವಿಚ್ ಪ್ಯಾನೆಲ್ ತೋರಿಸಿದರು. ಒಳಗೆ ಕಾಗದದ ಜೇನುಗೂಡು ಇರುವುದು ಅಗ್ಗ, ಕಾರ್ಕ್ ಇರುವುದು ದುಬಾರಿ. "1000 ಗಂಟೆ ಯುವಿ ಟೆಸ್ಟ್ ಆಗಿದೆ, 20 ವರ್ಷ ಏನೂ ಆಗಲ್ಲ" ಅನ್ನುತ್ತಾರೆ. ಗೋಡೆ, ಛಾವಣಿ ಎರಡಕ್ಕೂ ಅದನ್ನೇ ಹಾಕಬಹುದಾ ಸರ್? ನಮಗೆ ಚಾಕಲೇಟ್ ಬಣ್ಣ ಇಷ್ಟ ಆಗಿದೆ. ಬೇಸಿಗೆಗೆ ಕಿಟಕಿಗೆ ಕೂಲರ್ ಕೂರಿಸುವ ಯೋಚನೆಯೂ ಇದೆ.

ಉತ್ತರ: ಗೋಡೆಗೆ ಹಾಕಬಹುದು ಮೇಡಂ. ಛಾವಣಿಗೆ ಅದೊಂದನ್ನೇ ನಂಬಬೇಡಿ. ಚಾಕಲೇಟ್ ಬಣ್ಣ ಬಿಟ್ಟುಬಿಡಿ. 20 ವರ್ಷದ ಮಾತನ್ನಂತೂ ಕೇಳಿಸಿಕೊಳ್ಳಲೇಬೇಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಇಂಜಿನಿಯರ್ ಹೇಳಿದ್ದು ಸರಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಗೆ ಎರಡೂ ಕಡೆ ಪ್ಲಾಸ್ಟರ್ ಮಾಡಿದರೆ ಚದರ ಮೀಟರಿಗೆ 200 ಕೆ.ಜಿ.ಗೂ ಜಾಸ್ತಿ ತೂಗುತ್ತದೆ. ನೀವು ನೋಡಿದಂಥ ಪ್ಯಾನೆಲ್ 15 ಕೆ.ಜಿ.ಯ ಆಸುಪಾಸು. ಅಷ್ಟು ಹಗುರ ಇದ್ದೂ ಅದು ಗಟ್ಟಿ ಇರುವುದು ಹೇಗೆ? ನಿಮ್ಮ ಮಾಳಿಗೆಯ ಗರ್ಡರನ್ನೇ ನೋಡಿ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಅವೆರಡನ್ನೂ ದೂರ ಹಿಡಿದು ನಿಲ್ಲಿಸಲು ನಡುವೆ ತೆಳ್ಳನೆ ಉಕ್ಕು. ಪ್ಯಾನೆಲ್‌ನಲ್ಲಿ ಎರಡು ಪಟ್ಟಿಯ ಕೆಲಸವನ್ನು ಎರಡು ತೆಳು ಹಾಳೆ ಮಾಡುತ್ತವೆ, ನಡುವಿನ ಉಕ್ಕಿನ ಕೆಲಸವನ್ನು ತಿರುಳು ಮಾಡುತ್ತದೆ. ಹಾಳೆ ಮತ್ತು ತಿರುಳು ಒಂದಕ್ಕೊಂದು ಅಂಟಿಕೊಂಡಿರುವ ತನಕ ಮಾತ್ರ ಈ ಲೆಕ್ಕ. ಅಂಟು ಬಿಟ್ಟಿತು ಅಂದರೆ ಉಳಿಯುವುದು ಎರಡು ತೆಳ್ಳನೆ ಹಾಳೆ, ಅಷ್ಟೇ. ಹಾಗಾಗಿ ಬಾಳಿಕೆಯ ಪ್ರಶ್ನೆ ಬಂದಾಗ ನಾನು ಮೊದಲು ನೋಡುವುದು ಮೇಲಿನ ಹೊಳಪನ್ನಲ್ಲ, ಅಂಚನ್ನು.

ಬಿಸಿಲು ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡೋಣ. ಸೂರ್ಯನ ಬೆಳಕಿನಲ್ಲಿ 290ರಿಂದ 400 ನ್ಯಾನೋಮೀಟರ್ ತನಕದ ಭಾಗವೇ ಯುವಿ, ಅಂದರೆ ಅತಿನೇರಳೆ ಕಿರಣ. ಅದು ನಾರನ್ನು ಹಿಡಿದಿಡುವ ಅಂಟಾದ ರೆಸಿನ್‌ನ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಎಪಾಕ್ಸಿ ಅನ್ನುವ ಜಾತಿಯ ರೆಸಿನ್‌ಗಂತೂ ಬಿಸಿಲು ಆಗಿಬರುವುದಿಲ್ಲ. ಮೊದಲು ಹಳದಿ ಆಗುತ್ತದೆ, ಆಮೇಲೆ ಮೈಮೇಲೆ ಸುಣ್ಣದಂಥ ಪುಡಿ ಏಳುತ್ತದೆ. ಆ ಪುಡಿ ಮಳೆಗೆ ತೊಳೆದು ಹೋದರೆ ಕೆಳಗಿನ ನಾರು ಹೊರಗೆ ಕಾಣುತ್ತದೆ. ಸೆಣಬಿನ ನಾರಿನಲ್ಲಿ ಲಿಗ್ನಿನ್ ಅನ್ನುವ ವಸ್ತು ನೂರಕ್ಕೆ ಹನ್ನೆರಡರಷ್ಟು ಇರುತ್ತದೆ. ಯುವಿಗೆ ಮೊದಲು ಬಲಿಯಾಗುವುದು ಅದೇ. ನಮ್ಮ ಹಳ್ಳಿಗಳಲ್ಲಿ ಪುಂಡಿ ನಾರಿನ ಹಗ್ಗ ಹೊರಗೇ ಬಿದ್ದಿದ್ದರೆ ಬೂದು ಬಣ್ಣಕ್ಕೆ ತಿರುಗಿ, ಕೈಯಲ್ಲಿ ಉಜ್ಜಿದರೆ ಪುಡಿ ಪುಡಿ ಆಗುತ್ತದಲ್ಲ, ಅದೂ ಇದೇ ಕಥೆ. ಅಗಸೆ ನಾರಿನಲ್ಲಿ ಲಿಗ್ನಿನ್ ತೀರಾ ಕಡಿಮೆ. ಯುರೋಪಿನವರು ಇಂಥ ಪ್ಯಾನೆಲ್‌ಗಳಿಗೆ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. (ನಮ್ಮ ಕಡೆ ಅಗಸಿ ಬೆಳೆಯುವುದು ಬೀಜಕ್ಕೆ, ಎಣ್ಣೆಗೆ, ಹಿಂಡಿಗೆ. ಅಲ್ಲಿ ನಾರಿಗೆಂದೇ ಎತ್ತರದ ತಳಿ ಬೆಳೆಯುತ್ತಾರೆ.) ಹಾಗಂತ ಅಗಸೆ ನಾರು ಇದ್ದರೆ ಗೆದ್ದಂತೆ ಅಂದುಕೊಳ್ಳಬೇಡಿ. ಯುವಿಯಿಂದ ಆಗುವ ಹಾನಿ ಬಹಳ ಮೇಲುಮೇಲಿನದು. ಒಳ್ಳೆ ಬಣ್ಣದ ಲೇಪ ಇದ್ದರೆ ಯುವಿ ನಾರಿನ ತನಕ ಹೋಗುವುದೇ ಇಲ್ಲ.

ನಮ್ಮಲ್ಲಿ ಪ್ಯಾನೆಲ್ ಕೆಡುವುದು ಬಿಸಿಲು ದಾರಿ ಮಾಡಿಕೊಟ್ಟ ಮೇಲೆ ನೀರು ಒಳಗೆ ಹೋಗುವುದರಿಂದ.

ಗಿಡದ ನಾರು ಯಾವುದೇ ಇರಲಿ, ನೀರು ಕುಡಿಯುತ್ತದೆ. ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಸೊರಗುತ್ತದೆ. ಸುತ್ತಲಿನ ರೆಸಿನ್ ಅಷ್ಟು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. ಹಾಗಾಗಿ ನಾರು ಮತ್ತು ರೆಸಿನ್ ಕೂಡುವ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಆ ಬಿರುಕಿನಲ್ಲಿ ಮುಂದಿನ ಸಲ ನೀರು ಇನ್ನೂ ಸಲೀಸಾಗಿ ಹೋಗುತ್ತದೆ. ಗಾಜಿನ ನಾರಿನ ಹಾಳೆಯನ್ನು ದಿನಗಟ್ಟಲೆ ನೀರಿನಲ್ಲಿಟ್ಟರೂ ಅದರ ತೂಕ ಶೇಕಡಾ ಒಂದೆರಡು ಏರಬಹುದು. ಅಂಚು ಮುಚ್ಚದ ಸೆಣಬಿನ ಹಾಳೆಯ ತೂಕ ಶೇಕಡಾ ಹತ್ತರ ತನಕ ಏರುವುದು ಮಾಮೂಲು. ಮಂಗಳೂರಿನಲ್ಲಾದರೆ ತಿಂಗಳುಗಟ್ಟಲೆ ಒಂದೇ ಸಮ ತೇವ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು, ಬಾಯಿ ಒಣಗುವ ಗಾಳಿ. ಸೆಪ್ಟೆಂಬರ್‌ನಲ್ಲಿ ಜಡಿ ಮಳೆ. ಮತ್ತೆ ಚಳಿಗಾಲದ ಒಣ ಹವೆ. ನೆನೆದು, ಒಣಗಿ, ಮತ್ತೆ ನೆನೆಯುವ ಈ ಓಡಾಟವೇ ಇಂಥ ವಸ್ತುವನ್ನು ಬೇಗ ದಣಿಸುತ್ತದೆ. ಯಾದಗಿರಿ, ಬೀದರ್‌ನವರಿಗೂ ಇದೇ ಮಾತು. ಬೀದರ್ ಸ್ವಲ್ಪ ಎತ್ತರದಲ್ಲಿದೆ, ಸೆಕೆ ಒಂದು ಕೈ ಕಡಿಮೆ, ಆದರೆ ಆಲಿಕಲ್ಲಿನ ಭಯ ಜಾಸ್ತಿ. ಆಲಿಕಲ್ಲು ಬಿದ್ದ ಕಡೆ ತೆಳ್ಳನೆ ಹಾಳೆ ನೋಡಲು ಚೆನ್ನಾಗಿಯೇ ಇದ್ದರೂ ಕೆಳಗಿನ ತಿರುಳು ನಜ್ಜಾಗಿರಬಹುದು.

ಜೂನ್ ತಿಂಗಳ ಮೊದಲ ಮಳೆಯ ಹೊತ್ತನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನ ಪೂರ್ತಿ ಕಾದ ಪ್ಯಾನೆಲ್. ಒಳಗಿನ ಗಾಳಿಯೂ ಕಾದು ಹಿಗ್ಗಿರುತ್ತದೆ, ಸ್ವಲ್ಪ ಹೊರಗೂ ಹೋಗಿರುತ್ತದೆ. ನಾಲ್ಕು ಗಂಟೆಗೆ ದಪ್ಪ ಹನಿ ಶುರು. ಹತ್ತು ನಿಮಿಷದಲ್ಲಿ ಪ್ಯಾನೆಲ್ ತಣ್ಣಗಾಗುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿಯ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಲೇಬೇಕು. ಆ ಹೊತ್ತಿಗೆ ಸ್ಕ್ರೂ ತಲೆಯ ಸುತ್ತ ನಿಂತಿರುವುದು ನೀರು. ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ. ನೀರು ತಾನಾಗಿ ಸೋರುವುದು ಬೇರೆ, ಹೀಗೆ ಹೀರಿಕೊಳ್ಳುವುದು ಬೇರೆ. ಜೇನುಗೂಡಿನ ತಿರುಳಿನಲ್ಲಿ ಇದರ ಕಾಟ ಜಾಸ್ತಿ. ವಿಮಾನಗಳ ಜೇನುಗೂಡು ಪ್ಯಾನೆಲ್‌ಗಳಲ್ಲೂ ಒಳಗೆ ನೀರು ಸೇರುವುದು ಹಳೆಯ ತಲೆನೋವು.

ರಸ್ತೆ ಬದಿಯ ಒಂದು ಗೂಡಂಗಡಿಯ ಇಂಥ ಪ್ಯಾನೆಲ್ ಬಿಚ್ಚಿದಾಗ ನಾನೂ ಹತ್ತಿರದಿಂದ ನೋಡಿದ್ದೇನೆ. ಹೊರಗಿನ ಬಣ್ಣ ಸ್ವಲ್ಪ ಮಂಕಾಗಿತ್ತು, ಅಷ್ಟೇ. ಪ್ರತಿ ಸ್ಕ್ರೂ ಸುತ್ತ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಉಂಗುರ ಇತ್ತು. ಕೆಳಗಿನ ಅಂಚನ್ನು ಗರಗಸದಿಂದ ಕೊಯ್ದು ಹಾಗೇ ನೆಲಕ್ಕೆ ಕೂರಿಸಿ, ಗೌಂಡಿ ಸಿಮೆಂಟ್ ಮೆತ್ತಿದ್ದ. ಅಲ್ಲಿ ಒಂದು ಗೇಣು ಎತ್ತರದ ತನಕ ಕಾಗದದ ಜೇನುಗೂಡು ಒದ್ದೆ ರದ್ದಿಯಾಗಿ ಕೂತಿತ್ತು, ಬೂಸ್ಟು ವಾಸನೆ. ಉಗುರಿನಿಂದ ಎಬ್ಬಿಸಿದರೆ ಹಾಳೆ ಬಿಟ್ಟುಕೊಂಡು ಬಂತು. ನಡುಭಾಗದ ತುಂಡನ್ನು ಕೊಯ್ದು ನೋಡಿದರೆ ಹೊಸದರ ಹಾಗೇ ಗಟ್ಟಿ. ಒಂದೇ ಪ್ಯಾನೆಲ್, ಒಂದೇ ಬಿಸಿಲು. ಕೆಟ್ಟಿದ್ದು ಅಂಚು ಮತ್ತು ತೂತು ಮಾತ್ರ.

ಆ ಸಿಮೆಂಟಿನ ಬಗ್ಗೆಯೂ ಒಂದು ಮಾತು. ನಮ್ಮ ಗೌಂಡಿಗಳಿಗೆ ಸಂದು ಕಂಡರೆ ಸಾಕು, ಕೈ ಸಿಮೆಂಟಿನ ಕಡೆ ಹೋಗುತ್ತದೆ. ಸಿಮೆಂಟಿನ ಕ್ಷಾರ ಗಿಡದ ನಾರನ್ನು ತಿನ್ನುತ್ತದೆ. ಜೊತೆಗೆ ತೇವ ಹಿಡಿದಿಡುತ್ತದೆ. ಪ್ಯಾನೆಲ್‌ಗೆ ಸಿಮೆಂಟ್ ತಾಕಲೇಬಾರದು ಅಂತ ಮೊದಲೇ ಖಡಕ್ಕಾಗಿ ಹೇಳಿಬಿಡಿ.

ಈಗ ಆ 1000 ಗಂಟೆಗೆ ಬರೋಣ. ಈ ಪರೀಕ್ಷೆ ಸುಳ್ಳಲ್ಲ, ಆದರೆ ಅದರಿಂದ ವರ್ಷ ಎಣಿಸುವುದು ತಪ್ಪು. ಸಾಮಾನ್ಯವಾಗಿ ಬಳಸುವ ಎಎಸ್‌ಟಿಎಂ (ಪರೀಕ್ಷಾ ಮಾನದಂಡ ಬರೆಯುವ ಅಮೆರಿಕದ ಸಂಸ್ಥೆ) ಜಿ154 ಪದ್ಧತಿಯ ಒಂದು ಸುತ್ತಿನಲ್ಲಿ 8 ಗಂಟೆ ಯುವಿ ದೀಪ, 60 ಡಿಗ್ರಿ ಶಾಖ. ಆಮೇಲೆ 4 ಗಂಟೆ ಕತ್ತಲು, 50 ಡಿಗ್ರಿಯಲ್ಲಿ ಆವಿ ಮೈಮೇಲೆ ಹನಿಗಟ್ಟುತ್ತದೆ. ಅಂದರೆ 1000 ಗಂಟೆಯಲ್ಲಿ ಬೆಳಕು ಬಿದ್ದಿದ್ದು ಸುಮಾರು 667 ಗಂಟೆ. ಆ ದೀಪದ ಯುವಿ ಬೇಸಿಗೆಯ ನಡುಹಗಲಿನ ಬಿಸಿಲಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಮಾಳಿಗೆಯ ಮೇಲೆ ದಿನಕ್ಕೆ ನಾಲ್ಕೈದು ಗಂಟೆ ಅಂಥ ಬಿಸಿಲು ಅಂತ ಹಿಡಿಯಿರಿ. ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಆರೇಳು ತಿಂಗಳಾಯಿತು. 20 ವರ್ಷ ಎಲ್ಲಿಂದ ಬಂತು? ನಾನೇ ಹಾಕಿದ ಈ ಲೆಕ್ಕವನ್ನೂ ಗ್ಯಾರಂಟಿ ಅಂತ ತಿಳಿಯಬೇಡಿ. ಅದು ಡೀಲರ್ ಮಾತು ಎಷ್ಟು ದೂರ ಹೋಗಿದೆ ಅಂತ ತೋರಿಸಲು ಮಾತ್ರ. ಆ ಪೆಟ್ಟಿಗೆಯೊಳಗೆ ಆಲಿಕಲ್ಲಿಲ್ಲ, ಗೆದ್ದಲಿಲ್ಲ, ಸ್ಕ್ರೂ ಇಲ್ಲ, ಮೇ ತಿಂಗಳ ಒಣ ಗಾಳಿ ಇಲ್ಲ. ಎರಡು ಬಣ್ಣದಲ್ಲಿ ಯಾವುದು ಉತ್ತಮ ಅಂತ ಪಕ್ಕಪಕ್ಕ ಇಟ್ಟು ಹೋಲಿಸಲು ಮಾತ್ರ ಅದು ಒಳ್ಳೆ ಸಾಧನ.

ರಿಪೋರ್ಟ್ ಕೇಳಿ. ಕೊಟ್ಟರೆ ಎರಡು ಜಾಗ ನೋಡಿ. ಟೆಸ್ಟ್ ಆದ ಮೇಲೆ ಅಳೆದಿದ್ದು ಏನು? ಬರೀ ಬಣ್ಣ, ಹೊಳಪು ಅಂತ ಇದ್ದರೆ ಅದು ಪೇಂಟ್‌ನ ಪರೀಕ್ಷೆ. ಹಾಳೆಯನ್ನು ತಿರುಳಿನಿಂದ ಎಳೆದು ಬಿಡಿಸುವ ಎಎಸ್‌ಟಿಎಂ ಸಿ297, ಬಾಗಿಸಿ ತಿರುಳಿನ ಬಲ ನೋಡುವ ಸಿ393, ಇಂಥ ಸಂಖ್ಯೆ ಕಂಡರೆ ಮತ್ತು ಹವಾಮಾನ ಪರೀಕ್ಷೆಯ ಮೊದಲು, ಆಮೇಲೆ ಅಂತ ಎರಡು ಸಾಲು ಇದ್ದರೆ ಅವರು ಕೆಲಸ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು, ಪರೀಕ್ಷೆಗೆ ಕೊಟ್ಟ ತುಂಡಿನ ಅಂಚು ಮುಚ್ಚಿದ್ದರಾ? ಮುಚ್ಚಿದ್ದರೆ ನಿಮ್ಮ ಮನೆಯಲ್ಲೂ ಹಾಗೇ ಮುಚ್ಚಬೇಕು.

ಚಾಕಲೇಟ್ ಬಣ್ಣ ಯಾಕೆ ಬೇಡ? 42 ಡಿಗ್ರಿಯ ದಿನ ಕಡು ಬಣ್ಣದ ಮೈ 75 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಬಿಳಿ ಮೈ 50-55ರ ಸುತ್ತ ನಿಲ್ಲುತ್ತದೆ. ರೆಸಿನ್‌ಗೆ ಒಂದು ತಾಪಮಾನ ಇರುತ್ತದೆ, ಅದನ್ನು ದಾಟಿದರೆ ಗಟ್ಟಿತನ ಹೋಗಿ ಮೆತ್ತಗಾಗುತ್ತದೆ. ತಾಂತ್ರಿಕ ಹಾಳೆಯಲ್ಲಿ 'ಟಿಜಿ' ಅಂತ ಬರೆದಿರುತ್ತಾರೆ. ಕೋಣೆಯ ಶಾಖದಲ್ಲೇ ಗಟ್ಟಿಯಾದ ಎಪಾಕ್ಸಿಗೆ ಅದು ಹೆಚ್ಚಾಗಿ 50ರಿಂದ 70 ಡಿಗ್ರಿ. ಒಲೆಯಲ್ಲಿಟ್ಟು ಹದ ಮಾಡಿದರೆ ಇನ್ನೂ ಮೇಲೆ ಹೋಗುತ್ತದೆ. ತೇವ ಹೀರಿದರೆ ಮತ್ತೆ ಕೆಳಗೆ ಇಳಿಯುತ್ತದೆ. ಜೋಳದ ಪಿಷ್ಟದಂಥವುಗಳಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್‌ಗೆ 60ರ ಸುತ್ತ. ಯಾರಾದರೂ ಪಿಎಲ್‌ಎ ಜೇನುಗೂಡಿನ ಪ್ಯಾನೆಲ್ ತಂದರೆ ನಮ್ಮ ಊರಿನ ಹೊರಗೋಡೆಗೆ ಬೇಡ ಅಂತಲೇ ಹೇಳುತ್ತೇನೆ. ಎಪಾಕ್ಸಿಯಾದರೆ ಟಿಜಿ 80 ಡಿಗ್ರಿಗೆ ಮೇಲಿರಲಿ, ಮೈ ಬಿಳಿ ಇರಲಿ.

ಶಾಖದ ಇನ್ನೊಂದು ಆಟ ಇದೆ. ಹೊರ ಹಾಳೆ ಕಾದು ಹಿಗ್ಗುತ್ತದೆ, ಒಳ ಹಾಳೆ ನೆರಳಲ್ಲಿ ಹಾಗೇ ಇರುತ್ತದೆ. ಆಗ ಪ್ಯಾನೆಲ್ ಹೊರಗೆ ಉಬ್ಬುತ್ತದೆ. 3 ಮೀಟರ್ ಎತ್ತರ, 50 ಮಿ.ಮೀ. ದಪ್ಪ, ಎರಡು ಹಾಳೆಗೂ 30 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಹಾಳೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 20 ಪಾಲಿನಷ್ಟು ಹಿಗ್ಗುವಂಥದ್ದಾದರೆ ನಡುವೆ ಸುಮಾರು 13 ಮಿ.ಮೀ. ಉಬ್ಬು ಬರುತ್ತದೆ. ಬೆಳಿಗ್ಗೆ ನೆಟ್ಟಗೆ, ಮಧ್ಯಾಹ್ನ ಉಬ್ಬು, ರಾತ್ರಿ ಮತ್ತೆ ನೆಟ್ಟಗೆ. ದಿನಾ ಇದೇ. ಪ್ಯಾನೆಲ್‌ಗಳ ಸಂದಿಯನ್ನು ಗಟ್ಟಿ ಪುಟ್ಟಿಯಿಂದ ತುಂಬಿದರೆ ಒಂದು ಬೇಸಿಗೆಯಲ್ಲೇ ಸೀಳುತ್ತದೆ. ಎಳೆದರೆ ಹಿಗ್ಗುವ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿಸಿ. ಬಿಳಿ ಬಣ್ಣ ಇದ್ದರೆ ಈ ಉಬ್ಬೂ ಅರ್ಧಕ್ಕೆ ಇಳಿಯುತ್ತದೆ.

ಕಾಗದವೋ ಕಾರ್ಕೋ? ಕಾರ್ಕ್ ಅಂದರೆ ಮರದ ತೊಗಟೆ, ನೀರಿಗೆ ಅಷ್ಟು ಬೇಗ ಸೋಲುವುದಿಲ್ಲ. ಅದರ ಪುಟ್ಟ ಕೋಶಗಳು ಮುಚ್ಚಿಕೊಂಡಿರುವುದರಿಂದ ಒಂದು ಕಡೆ ಹೋದ ನೀರು ಇನ್ನೊಂದು ಕಡೆಗೆ ಹರಿಯುವುದಿಲ್ಲ. ಒಳಗಿನ ಗೋಡೆ, ಬಾಗಿಲು ಆಗಿದ್ದರೆ ಕಾಗದವೇ ಸಾಕು ಅನ್ನುತ್ತಿದ್ದೆ, ಸುಮ್ನೆ ದುಡ್ಡು ಯಾಕೆ. ಮಳೆಗೆ ಒಡ್ಡುವ ಗೋಡೆಗೆ ಕಾರ್ಕ್ ತೆಗೆದುಕೊಳ್ಳಿ. ನಾಲ್ಕೂ ಗೋಡೆಗೆ ಬಜೆಟ್ ಸಾಲದಿದ್ದರೆ ಮಳೆ ಹೊಡೆಯುವ ಪಶ್ಚಿಮ ಮತ್ತು ದಕ್ಷಿಣಕ್ಕಾದರೂ ಹಾಕಿ.

ಬಯೋ ರೆಸಿನ್ ಅನ್ನುವುದು ಒಂದೇ ವಸ್ತುವಲ್ಲ. ಹೆಚ್ಚಿನವು ಭಾಗಶಃ ಮಾತ್ರ ಗಿಡಮೂಲದ ಎಪಾಕ್ಸಿ. ನಮ್ಮ ಕರಾವಳಿಯ ಗೇರು ಸಿಪ್ಪೆಯ ಎಣ್ಣೆಯಿಂದಲೂ ರೆಸಿನ್ ಮಾಡುತ್ತಾರೆ, ಅದು ನೀರಿಗೆ ಚೆನ್ನಾಗಿ ತಡೆಯುತ್ತದೆ. ಕಬ್ಬಿನ ಸಿಪ್ಪೆಯಿಂದ ಬರುವ ಫ್ಯೂರಾನ್ ರೆಸಿನ್ ಬೆಂಕಿಗೆ ಒಳ್ಳೆಯದು. ಎರಡೂ ಕಡುಗಂದು, ಕಪ್ಪು ಬಣ್ಣದವು, ಮೇಲೆ ಬಿಳಿ ಲೇಪ ಬೇಕೇ ಬೇಕು. ಮಕ್ಕಳು ಕೂರುವ ಕೋಣೆ ಆದ್ದರಿಂದ ಬೆಂಕಿಯ ರಿಪೋರ್ಟ್ ಕೂಡ ಕೇಳಿ. ಬೆಂಕಿ ತಡೆಯಲು ಬೆರೆಸುವ ಕೆಲವು ಲವಣಗಳು ತಾವೇ ತೇವ ಎಳೆಯುತ್ತವೆ, ಮಳೆಗೆ ಕರಗಿಯೂ ಹೋಗುತ್ತವೆ. ಹಾಗಾಗಿ ನೆನೆಸಿ ಒಣಗಿಸಿದ ಮೇಲೆ ಮಾಡಿದ ಬೆಂಕಿ ಪರೀಕ್ಷೆ ಇದ್ದರೆ ಅದಕ್ಕೆ ಬೆಲೆ ಜಾಸ್ತಿ.

ಕೂರಿಸುವ ಕೆಲಸ ಫ್ಯಾಬ್ರಿಕೇಟರ್ ಮೇಲೆ ಬಿಡಬೇಡಿ, ಮುಂದೆ ನಿಂತು ಮಾಡಿಸಿ. ಕೊಯ್ದ ಪ್ರತಿ ಅಂಚಿಗೂ ಎರಡು ಕೋಟ್ ಎಪಾಕ್ಸಿ ಬಳಿಯಬೇಕು. ಮೊದಲ ಕೋಟನ್ನು ನಾರು ಕುಡಿದುಬಿಡುತ್ತದೆ, ಎರಡನೆಯದು ಮುಚ್ಚುತ್ತದೆ. ಒಣಗಿದ ಮೇಲೆ ಅಲ್ಯೂಮಿನಿಯಂ ಯು-ಚಾನೆಲ್‌ನಲ್ಲಿ ಕೂರಿಸಿ. ಕೆಳಗಿನ ಚಾನೆಲ್‌ಗೆ ನೀರು ಹೊರಗೆ ಹೋಗಲು ಅಲ್ಲಲ್ಲಿ ಸಣ್ಣ ತೂತು ಇರಲಿ, ಇಲ್ಲದಿದ್ದರೆ ಅದೇ ತೊಟ್ಟಿ ಆಗುತ್ತದೆ. ಕೋಣೆಯ ಬುಡ ಮಾಳಿಗೆಯಿಂದ ಅರ್ಧ ಅಡಿಯಾದರೂ ಮೇಲಿರಲಿ, ಮಳೆ ಹನಿ ಕಲ್ಲಿಗೆ ಬಡಿದು ಸಿಡಿಯುತ್ತದಲ್ಲ, ಅದಕ್ಕೆ. ಸ್ಕ್ರೂ ಹೊಡೆಯುವ ಕಡೆ ಮೊದಲು ದೊಡ್ಡ ತೂತು ಕೊರೆದು, ಎಪಾಕ್ಸಿ ಪೇಸ್ಟ್ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಮಾಡಿ ಸ್ಕ್ರೂ ಹಾಕಬೇಕು, ರಬ್ಬರ್ ವಾಷರ್ ಸಮೇತ. "ಇಷ್ಟೆಲ್ಲಾ ಯಾರೂ ಮಾಡಲ್ಲ ಮೇಡಂ" ಅನ್ನುತ್ತಾರೆ. ಹೌದು, ಯಾರೂ ಮಾಡಲ್ಲ, ಅದಕ್ಕೇ ಅಂಚು ಕೊಳೆಯುವುದು. ಕೊನೆಗೆ ಹೊರ ಮೈಗೆ ಎರಡು ಡಬ್ಬಿ ಬೆರೆಸಿ ಹಚ್ಚುವ ಬಿಳಿ ಪಿಯು ಪೇಂಟ್, ಬಿಸಿಲಿಗೆ ಹಳದಿ ಆಗದ ಅಲಿಫ್ಯಾಟಿಕ್ ಜಾತಿಯದು.

ಛಾವಣಿಗೆ ಪ್ಯಾನೆಲ್ ಹಾಕಲೇಬೇಕು ಅಂದರೆ ಹಾಕಿ, ಆದರೆ ಅದರ ಮೇಲೆ ಅರ್ಧ ಅಡಿ ಸಂದು ಬಿಟ್ಟು ಪತ್ರಾಸ್ (ತಗಡಿನ ಶೀಟ್) ಹೊದಿಸಿ. ಬಿಸಿಲು, ಮಳೆ, ಆಲಿಕಲ್ಲು ಮೂರನ್ನೂ ಪತ್ರಾಸ್ ತಿನ್ನುತ್ತದೆ, ನಡುವಿನ ಗಾಳಿ ಶಾಖ ಒಯ್ಯುತ್ತದೆ, ಪ್ಯಾನೆಲ್ ತಂಪು ಕಾಯುವ ಕೆಲಸ ಮಾತ್ರ ಮಾಡುತ್ತದೆ. ಪತ್ರಾಸ್ ಗೋಡೆಯಿಂದ ಎರಡು ಅಡಿ ಹೊರಗೆ ಚಾಚಿರಲಿ. ಮೇ ತಿಂಗಳ ಎರಡನೇ ವಾರದ ಸುಮಾರಿಗೆ ನಡುಹಗಲಿನ ಸೂರ್ಯ ನಮ್ಮೂರಲ್ಲಿ ನೇರ ನೆತ್ತಿಗೆ ಬರುತ್ತಾನೆ, ಆಗ ಎರಡಡಿ ಚಾಚು ದಕ್ಷಿಣ ಗೋಡೆಯನ್ನು ಪೂರ್ತಿ ನೆರಳಲ್ಲಿಡುತ್ತದೆ. ಪಶ್ಚಿಮಕ್ಕೆ ಅಷ್ಟು ಸಾಲದು, ಅಲ್ಲಿ ಒಂದು ಚಪ್ಪರವೋ ಬಳ್ಳಿಯೋ ಇರಲಿ, ಗೋಡೆಗೆ ತಾಗದ ಹಾಗೆ. ಹಗುರ ಕೋಣೆಗೆ ಮುಂಗಾರಿನ ಮುಂಚಿನ ಬಿರುಗಾಳಿಯೂ ಅಪಾಯ. ಕಂಬಗಳು ಕಲ್ಲಿನ ಮೇಲೆ ಅಲ್ಲ, ಗರ್ಡರ್ ಮೇಲೆ ಕೂತು ಅದಕ್ಕೇ ಬಿಗಿಯಾಗಿರಬೇಕು. ಎಲ್ಲಿ, ಹೇಗೆ ಅಂತ ನಿಮ್ಮ ಇಂಜಿನಿಯರ್ ತೋರಿಸಲಿ.

ದುಡ್ಡು ಕೊಡುವ ಮೊದಲು ಡೀಲರ್ ಹತ್ತಿರ ಗೇಣುದ್ದದ ನಾಲ್ಕು ತುಂಡು ಕೇಳಿ. ಎರಡರ ಅಂಚಿಗೆ ಎಪಾಕ್ಸಿ ಬಳಿಯಿರಿ, ಎರಡನ್ನು ಹಾಗೇ ಬಿಡಿ. ಪ್ರತಿಯೊಂದನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಬಳಿದದ್ದು ಒಂದು, ಬಳಿಯದ್ದು ಒಂದು, ಎರಡನ್ನೂ ಒಂದು ದಿನ ನೀರಲ್ಲಿ ಮುಳುಗಿಸಿ, ಒರೆಸಿ, ಮತ್ತೆ ತೂಗಿ. ಆಮೇಲೆ ಮೂರು ದಿನ ಮಾಳಿಗೆಯ ಬಿಸಿಲಲ್ಲಿ ಒಣಗಿಸಿ. ಹೀಗೆ ಐದಾರು ಸುತ್ತು ಮಾಡಿ. ಉಳಿದ ಎರಡು ತುಂಡು ಕಪಾಟಿನಲ್ಲಿರಲಿ, ಹೋಲಿಸಲು. ಪ್ರತಿ ಸುತ್ತಿಗೂ ನಾಣ್ಯದಿಂದ ತಟ್ಟಿ ನೋಡಿ. ಒಳ್ಳೆ ಅಂಟು ಇದ್ದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಪೊಳ್ಳು ಸದ್ದು. ಅಂಚು ಬಳಿದ ತುಂಡೂ ತೂಕ ಏರಿಸಿಕೊಂಡರೆ ನೀರು ಹಾಳೆಯ ಮೂಲಕವೇ ಹೋಗುತ್ತಿದೆ, ಅಂಥ ಪ್ಯಾನೆಲ್ ವಾಪಸ್ ಕಳಿಸಿ.

ಕೋಣೆ ಆದ ಮೇಲೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಹೊರಗೋಡೆ ಮೇಲೆ ಅಂಗೈ ಆಡಿಸಿ. ಕೈಗೆ ಬಿಳಿ ಪುಡಿ ಹತ್ತಿದರೆ ಪೇಂಟ್ ಸವೆಯುತ್ತಿದೆ, ಮತ್ತೊಂದು ಕೋಟ್ ಹೊಡೆಸಿ. ನಾರು ಕಾಣುವ ತನಕ ಕಾಯಬೇಡಿ. ಧೂಳು ತೊಳೆಯಲು ಮೆತ್ತನೆ ಬಟ್ಟೆ ಸಾಕು, ತಂತಿ ಬ್ರಷ್ ಬೇಡ. ಹೀಗೆ ನೋಡಿಕೊಂಡರೆ ಹತ್ತು ವರ್ಷ ಆರಾಮಾಗಿ ಬಾಳಬಹುದು ಅನ್ನುವುದು ನನ್ನ ಅಂದಾಜು.

ಇನ್ನು ಕೂಲರ್. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಹೊರಗಿನ ಮಳೆಗೆ ಅಷ್ಟೆಲ್ಲಾ ಮಾಡಿ ಒಳಗಿನಿಂದ ನೀರು ಕೊಡುವವರೇ ಜಾಸ್ತಿ. ಕೂಲರ್ ಒದ್ದೆ ಗಾಳಿಯನ್ನೇ ಒಳಗೆ ತಳ್ಳುತ್ತದೆ. ಆ ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಒಳ ಹಾಳೆ ಎರಡು ತಿಂಗಳು ತೇವದಲ್ಲೇ ಇರುತ್ತದೆ. ಒಳ ಮೈಗೂ, ಕಿಟಕಿಗೆ ಕೊಯ್ದ ಅಂಚಿಗೂ ಅದೇ ಎಪಾಕ್ಸಿ, ಅದೇ ಪೇಂಟ್ ಆಗಲಿ. ನೀರು ತುಂಬಿದ ಕೂಲರಿನ ಭಾರವನ್ನು ಪ್ಯಾನೆಲ್‌ಗೆ ನೇತುಹಾಕಬೇಡಿ. ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಅದರ ಕಾಲೂ ಗರ್ಡರ್ ಮೇಲೇ ಬರಲಿ. ಕೂಲರಿಗೂ ಗೋಡೆಗೂ ಬೆರಳು ಹೋಗುವಷ್ಟು ಸಂದು ಇರಲಿ, ಟ್ಯಾಂಕ್ ತುಂಬಿ ಚೆಲ್ಲಿದ ನೀರಿಗೆ ಒಂದು ಪೈಪ್ ಕೊಟ್ಟು ಪ್ಯಾನೆಲ್ ಬುಡದಿಂದ ದೂರ ಬಿಡಿ.